ನಿಂತ ಸಿಗ್ನಲ್, ಮಲಗಿದ ಸಿಗ್ನಲ್, ಸುತ್ತುವ ಸಿಗ್ನಲ್: ತಾರಸಿಗೆ ಆಂಟೆನಾ ಆರಿಸಿದ ಬಗೆ

ನನಗೆ ಬೇಕಿದ್ದದ್ದು ಇಷ್ಟು. 145 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರ ಎಫ್‌ಎಂ ಮಾತು. 137 ಮೆಗಾಹರ್ಟ್ಸ್‌ನಲ್ಲಿ ರಷ್ಯಾದ ಮೀಟಿಯೋರ್ ಹವಾಮಾನ ಉಪಗ್ರಹಗಳು ಕಳಿಸುವ ಮೋಡದ ಚಿತ್ರ. ಜೊತೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800 ಮೆಗಾಹರ್ಟ್ಸ್‌ನಲ್ಲಿ ಆಗಾಗ ಕಳಿಸುವ ದನಿ. ಮೂರೂ ಹತ್ತಿರ ಹತ್ತಿರದ ಫ್ರೀಕ್ವೆನ್ಸಿಗಳೇ. ತಾರಸಿಯಲ್ಲಿ ನೆಟ್ಟಗೆ ನಿಂತ ಒಂದು ಗ್ರೌಂಡ್ ಪ್ಲೇನ್ ಆಂಟೆನಾ ಆಗಲೇ ಇತ್ತು. ಗೆಳೆಯರ ಮಾತನ್ನು ಅದು ಚೆನ್ನಾಗಿಯೇ ಹಿಡಿಯುತ್ತಿತ್ತು. ಉಪಗ್ರಹದ ಚಿತ್ರದಲ್ಲಿ ಮಾತ್ರ ಕಪ್ಪು ಪಟ್ಟಿಗಳು. ಅದೂ ಉಪಗ್ರಹ ನೆತ್ತಿಯ ಹತ್ತಿರ ಬಂದಾಗ, ಅಂದರೆ ನಮಗೆ ತೀರಾ ಸಮೀಪ ಇದ್ದಾಗಲೇ ಜಾಸ್ತಿ.

ಇಂಥ ಹೊತ್ತಿನಲ್ಲಿ ಸಿಗುವ ಮೊದಲ ಸಲಹೆ ಆಂಪ್ಲಿಫೈಯರ್ ಹಾಕು ಅನ್ನುವುದು. ಎರಡನೆಯದು ಕಂಬ ಎತ್ತರ ಮಾಡು. ಎರಡಕ್ಕೂ ಅವುಗಳ ಜಾಗ ಇದೆ. ಆದರೆ ಆಂಪ್ಲಿಫೈಯರ್ ತನ್ನ ಬಾಯಿಗೆ ಬಂದ ಸಿಗ್ನಲ್ಲನ್ನೂ ಗದ್ದಲವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಆಂಟೆನಾ ಹಿಡಿಯದೆ ಬಿಟ್ಟದ್ದನ್ನು ಅದು ಎಲ್ಲಿಂದ ತರಬೇಕು? ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಪ್ರತಿ ಸಿಗ್ನಲ್ಲೂ ಯಾವ ದಿಕ್ಕಿಗೆ ಆಡುತ್ತಿದೆ ಅಂತ ಅಳೆದೇ ನೋಡೋಣ ಅಂತ ಹೊರಟೆ. ಈ ಬರಹದ ಬಹುಪಾಲು ಆ ಅಳತೆಯದ್ದೇ.

ರೇಡಿಯೊ ಅಲೆಯಲ್ಲಿ ವಿದ್ಯುತ್ ಕ್ಷೇತ್ರ ಒಂದು ದಿಕ್ಕಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತಿರುತ್ತದೆ. ಆ ದಿಕ್ಕೇ ಪೋಲರೈಸೇಶನ್. ಕಳಿಸುವ ಕಡ್ಡಿ ನಿಂತಿದ್ದರೆ ಕ್ಷೇತ್ರ ಮೇಲೆ ಕೆಳಗೆ ಆಡುತ್ತದೆ. ಕಡ್ಡಿ ನೆಲಕ್ಕೆ ಸಮನಾಗಿ ಮಲಗಿದ್ದರೆ ಅಡ್ಡಡ್ಡ ಆಡುತ್ತದೆ. ನಮ್ಮ ಕಡ್ಡಿಯೂ ಅದೇ ದಿಕ್ಕಿಗೆ ಇದ್ದರೆ ಪೂರ್ತಿ ಸಿಗುತ್ತದೆ. ಇಲ್ಲದಿದ್ದರೆ ಎರಡರ ನಡುವಿನ ಕೋನದ ಕೊಸೈನ್ ತೆಗೆದು ವರ್ಗ ಮಾಡಿದರೆ ಎಷ್ಟು ಪಾಲು ಶಕ್ತಿ ಸಿಗುತ್ತದೆ ಅಂತ ಗೊತ್ತಾಗುತ್ತದೆ. 20 ಡಿಗ್ರಿ ವಾಲಿದರೆ ನಷ್ಟ ಬರೀ ಅರ್ಧ ಡೆಸಿಬೆಲ್ (ಶಕ್ತಿಯ ಏರಿಳಿತ ಅಳೆಯುವ ಮಾನ). 45 ಡಿಗ್ರಿಗೆ 3 ಡೆಸಿಬೆಲ್, ಅಂದರೆ ಅರ್ಧ ಹೋಯಿತು. 60ಕ್ಕೆ 6 ಡೆಸಿಬೆಲ್, ಉಳಿದದ್ದು ಕಾಲು ಪಾಲು. 80ಕ್ಕೆ 15 ಡೆಸಿಬೆಲ್. 90ಕ್ಕೆ ಲೆಕ್ಕದ ಪ್ರಕಾರ ಏನೂ ಸಿಗಬಾರದು. ನಿಜವಾದ ಆಂಟೆನಾಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಡೆಸಿಬೆಲ್ ನಷ್ಟ.

ಈ ಅಂಕಿಗಳನ್ನು ನಿಧಾನವಾಗಿ ಓದಿ. ಕಂಬ ಸ್ವಲ್ಪ ವಾಲಿದೆ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ನಷ್ಟವೆಲ್ಲ ಕೊನೆಯ ಹತ್ತಿಪ್ಪತ್ತು ಡಿಗ್ರಿಗಳಲ್ಲಿ ಗುಂಪಾಗಿ ಕೂತಿದೆ. 20 ಡೆಸಿಬೆಲ್ ಅಂದರೆ ನೂರರಲ್ಲಿ ಒಂದು ಪಾಲು. ಅಷ್ಟು ನಷ್ಟವನ್ನು ಒಂದು ಕಡ್ಡಿ ತಿರುಗಿಸಿ ತುಂಬಿಕೊಳ್ಳಬಹುದು, ಪುಕ್ಕಟೆಯಾಗಿ.

ಅಳೆಯುವ ಡೈಪೋಲ್

ಗುಜರಿ ಅಂಗಡಿಯಲ್ಲಿ ಹಳೆಯ ರೇಡಿಯೊಗಳ ಎಳೆದು ಉದ್ದ ಮಾಡುವ ಕಡ್ಡಿಗಳು ಸಿಕ್ಕವು. ಒಂದೇ ಅಳತೆಯ ಎರಡು ಆರಿಸಿಕೊಂಡೆ. ವೈರಿಂಗ್‌ಗೆ ಬಳಸುವ ಪಿವಿಸಿ ಜಂಕ್ಷನ್ ಬಾಕ್ಸಿನ ಎರಡು ಪಕ್ಕಕ್ಕೆ ಅವನ್ನು ಸ್ಕ್ರೂ ಹಾಕಿ ಕೂರಿಸಿದೆ. ಒಂದಕ್ಕೆ ಕೋಯಾಕ್ಸ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ ಇರುವ) ಕೇಬಲ್ಲಿನ ಒಳ ತಂತಿ, ಇನ್ನೊಂದಕ್ಕೆ ಜಾಲರಿ. ಇಷ್ಟೇ ಡೈಪೋಲ್. ಕಡ್ಡಿಯ ಉದ್ದ ಬದಲಾಯಿಸಬಹುದು ಅನ್ನುವುದು ದೊಡ್ಡ ಅನುಕೂಲ. 145 ಮೆಗಾಹರ್ಟ್ಸ್‌ಗೆ ಒಂದೊಂದು ತೋಳು 49 ಸೆಂಟಿಮೀಟರ್, 137ಕ್ಕೆ 52, ಆಕಾಶವಾಣಿ ಬೆಂಗಳೂರಿನ 101.3 ಎಫ್‌ಎಂಗೆ 70. ಅರ್ಧ ತರಂಗಾಂತರದಲ್ಲಿ ಶೇಕಡಾ ಐದರಷ್ಟು ಕಮ್ಮಿ ಮಾಡಿ, ಎರಡರಿಂದ ಭಾಗಿಸಿದರೆ ಈ ಲೆಕ್ಕ ಬರುತ್ತದೆ.

ಬಾಕ್ಸನ್ನು ಒಂದೂವರೆ ಮೀಟರ್ ಪಿವಿಸಿ ಪೈಪಿನ ತುದಿಗೆ ಕಟ್ಟಿದೆ. ಪೈಪು ಯಾವಾಗಲೂ ಸಿಗ್ನಲ್ ಬರುವ ಕಡೆಗೇ ಮುಖ ಮಾಡಿರಬೇಕು. ಅದನ್ನು ಅಲ್ಲೇ ಅದರ ಅಕ್ಷದ ಸುತ್ತ ಹೊರಳಿಸಿದರೆ ಕಡ್ಡಿ ನಿಂತದ್ದು ಮಲಗುತ್ತದೆ, ಮಲಗಿದ್ದು ನಿಲ್ಲುತ್ತದೆ. ಇದು ಮುಖ್ಯವಾದ ಮಾತು. ಡೈಪೋಲ್ ತನ್ನ ತುದಿಯ ದಿಕ್ಕಿನಿಂದ ಬರುವ ಸಿಗ್ನಲ್ಲನ್ನು ಹಿಡಿಯುವುದೇ ಇಲ್ಲ. ಸುಮ್ನೆ ಕೈಯಲ್ಲಿ ಹಿಡಿದು ಮಲಗಿಸಿದಾಗ ತುದಿ ಸ್ಟೇಶನ್ ಕಡೆಗೆ ತಿರುಗಿದರೆ ಸಿಗ್ನಲ್ ಬಿದ್ದದ್ದು ಪೋಲರೈಸೇಶನ್‌ನಿಂದಲೋ ದಿಕ್ಕಿನಿಂದಲೋ ಗೊತ್ತಾಗುವುದಿಲ್ಲ. ಪೈಪಿನ ಹಿಂದಿನ ತುದಿಗೆ ಒಂದು ಕೋನಮಾಪಕ ಅಂಟಿಸಿ, ದಾರಕ್ಕೆ ನಟ್ ಕಟ್ಟಿ ತೂಗುಬಿಟ್ಟೆ. ಎಷ್ಟು ಡಿಗ್ರಿ ಹೊರಳಿದೆ ಅಂತ ಆ ದಾರ ಹೇಳುತ್ತದೆ.

ರೀಡಿಂಗ್ ತೆಗೆಯಲು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ರಿಸೀವರ್), ಲ್ಯಾಪ್‌ಟಾಪ್. ಆಟೊಮ್ಯಾಟಿಕ್ ಗೇನ್ ಆಫ್ ಮಾಡಿ, ಗೇನನ್ನು ಒಂದೇ ಜಾಗದಲ್ಲಿ ನಿಲ್ಲಿಸಬೇಕು. ಆಟೊ ಇದ್ದರೆ ಸಿಗ್ನಲ್ ಬಿದ್ದಾಗಲೆಲ್ಲ ಅದೇ ಎತ್ತಿ ಹಿಡಿಯುತ್ತದೆ, ನಮ್ಮ ಅಳತೆಗೆ ಅರ್ಥವೇ ಇರುವುದಿಲ್ಲ.

ಮೊದಲ ಪರೀಕ್ಷೆಗೆ ಗೋಡೆ, ತಂತಿ, ಕಾರು ಯಾವುದೂ ಹತ್ತಿರ ಇಲ್ಲದ ಬಯಲು ಬೇಕಿತ್ತು. ನಮ್ಮ ಊರು ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಲೈಸೆನ್ಸ್ ಇರುವ ಹ್ಯಾಮ್ ಗೆಳೆಯರೊಬ್ಬರು ಏರಿಯ ಆ ಕಡೆ ತಮ್ಮ ಹ್ಯಾಂಡಿಯನ್ನು (ವಾಕಿಟಾಕಿಯಂಥ ಕೈ ರೇಡಿಯೊ) ಮರದ ಸ್ಟೂಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕಮ್ಮಿ ಪವರ್‌ನಲ್ಲಿ ಕಾಲ್‌ಸೈನ್ ಹೇಳುತ್ತಾ ಬಿಟ್ಟು ಬಿಟ್ಟು ಒತ್ತುತ್ತಿದ್ದರು. ನಾನು ಈ ಕಡೆ ಪೈಪು ಹೊರಳಿಸುತ್ತಿದ್ದೆ.

ಕಡ್ಡಿ ನಿಂತಾಗ ಬಂದದ್ದನ್ನು ಸೊನ್ನೆ ಅಂತಿಟ್ಟುಕೊಂಡರೆ, 45 ಡಿಗ್ರಿಯಲ್ಲಿ 3 ಡೆಸಿಬೆಲ್ ಕೆಳಗೆ, 60ರಲ್ಲಿ 6ರ ಹತ್ತಿರ. ಪುಸ್ತಕದ ಲೆಕ್ಕ ಕಣ್ಣೆದುರು ಬಂದಾಗ ಆದ ಸಂತೋಷ ನಿಜವಾದದ್ದು. ಆದರೆ 90ರಲ್ಲಿ 11 ಡೆಸಿಬೆಲ್ ಮಾತ್ರ ಬಿತ್ತು. ಇನ್ನೂ ಕೆಳಗೆ ಹೋಗಬೇಕಿತ್ತಲ್ಲ?

ಕಾರಣ ಕೇಬಲ್. ಬಾಕ್ಸಿನಿಂದ ಕೋಯಾಕ್ಸ್ ನೇರ ಕೆಳಕ್ಕೆ ಜೋತುಬಿದ್ದಿತ್ತು. ಜಾಲರಿಯ ಹೊರಮೈ ತಾನೇ ಒಂದು ನಿಂತ ಆಂಟೆನಾ ಆಗಿ, ಡೈಪೋಲ್ ಬೇಡ ಅಂದ ಸಿಗ್ನಲ್ಲನ್ನು ತಾನು ಹಿಡಿದು ತಂದುಕೊಡುತ್ತಿತ್ತು. ಕೇಬಲ್ಲನ್ನು ಪೈಪಿನ ಉದ್ದಕ್ಕೂ ಹಿಂದಕ್ಕೆ, ಅಂದರೆ ಕಡ್ಡಿಗಳಿಗೆ ಲಂಬವಾಗಿ ಒಯ್ದು, ಬಾಕ್ಸಿನ ಪಕ್ಕದಲ್ಲೇ ಎರಡಿಂಚಿನ ಪಿವಿಸಿ ತುಂಡಿನ ಮೇಲೆ ಐದಾರು ಸುತ್ತು ಸುತ್ತಿದೆ. ಮೇಲೆ ಕ್ಲಿಪ್ ಮಾಡುವ ಫೆರೈಟ್ (ಕಾಂತೀಯ ಮಣಿ) ಒಂದು. ಜಾಲರಿಯ ಹೊರಮೈಯ ಕರೆಂಟನ್ನು ಇವು ತಡೆಯುತ್ತವೆ. ಈಗ 90 ಡಿಗ್ರಿಯಲ್ಲಿ 22 ಡೆಸಿಬೆಲ್ ಬಿತ್ತು. ಗಮನಿಸಿ, ಸೊನ್ನೆ ಡಿಗ್ರಿಯ ರೀಡಿಂಗ್ ಹೆಚ್ಚುಕಮ್ಮಿ ಅಲುಗಾಡಲೇ ಇಲ್ಲ. ಚೆನ್ನಾಗಿ ಕೇಳಿಸುತ್ತಿದೆ ಅಂತ ನಿಂತುಬಿಟ್ಟಿದ್ದರೆ ಕೇಬಲ್ಲಿನ ಈ ಗುಣ ತಿಳಿಯುತ್ತಲೇ ಇರಲಿಲ್ಲ.

ಈ ಕೆಲಸದಿಂದ ನಾನು ಕಲಿತ ದೊಡ್ಡ ಪಾಠ ಇದೇ. ಆಂಟೆನಾ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕಿಂತ, ಬೇಡದ್ದನ್ನು ಎಷ್ಟು ಗಟ್ಟಿಯಾಗಿ ಬಿಡುತ್ತದೆ ಅನ್ನುವುದನ್ನು ಅಳೆಯಿರಿ. ಹಿಡಿಯುವ ಕಡೆ ತಪ್ಪುಗಳು ಅಡಗಿಕೊಳ್ಳುತ್ತವೆ. ಬಿಡುವ ಕಡೆ ಎಲ್ಲವೂ ಹೊರಗೆ ಬೀಳುತ್ತವೆ.

ನಮ್ಮವರೇ ಆದ ಜಗದೀಶ ಚಂದ್ರ ಬೋಸ್ 1890ರ ದಶಕದಲ್ಲಿ ಕೋಲ್ಕತ್ತದಲ್ಲಿ ಪೋಲರೈಸೇಶನ್ ಪರೀಕ್ಷಿಸುವ ಇದೇ ಕೆಲಸವನ್ನು ಮಿಲಿಮೀಟರ್ ಅಲೆಗಳಲ್ಲಿ ಮಾಡಿದ್ದರು. ರೈಲ್ವೆ ಟೈಮ್‌ಟೇಬಲ್ ಪುಸ್ತಕದ ಪುಟಗಳ ನಡುವೆ ತವರದ ಹಾಳೆ ಸೇರಿಸಿ ಪೋಲರೈಸರ್ ಮಾಡಿಕೊಂಡರು. ಅಲೆಯ ದಿಕ್ಕನ್ನೇ ತಿರುಗಿಸಲು ಹೊಸೆದ ಸೆಣಬಿನ ಕಟ್ಟು ಬಳಸಿ, 1898ರಲ್ಲಿ ಅದನ್ನು ಪ್ರಕಟಿಸಿದರು. ಕೈಗೆ ಸಿಕ್ಕ ಸಾಮಾನಿನಿಂದ ಇಷ್ಟು ಆಳದ ಕೆಲಸ ಆಗುತ್ತದೆ ಅನ್ನುವುದು ನನಗೆ ಯಾವತ್ತೂ ಧೈರ್ಯ ಕೊಡುವ ವಿಷಯ.

ತಾರಸಿಯಲ್ಲಿ ಕಂಡದ್ದು

ಅದೇ ಡೈಪೋಲನ್ನು ಮನೆ ತಾರಸಿಗೆ ತಂದೆ. ಚಿಕ್ಕಬಳ್ಳಾಪುರ ಬೆಟ್ಟಗಳ ಮಗ್ಗುಲಿನ ಊರು. ನೈಋತ್ಯಕ್ಕೆ ನಂದಿ, ಪಶ್ಚಿಮಕ್ಕೆ ಸ್ಕಂದಗಿರಿ. ಸುತ್ತಲೂ ಮನೆಗಳು, ನೀರಿನ ಟ್ಯಾಂಕುಗಳು, ಕರೆಂಟ್ ತಂತಿ. ಏರಿಯ ಮೇಲೆ 22 ಡೆಸಿಬೆಲ್ ಇದ್ದ ಕುಸಿತ ಇಲ್ಲಿ ಊರೊಳಗಿನ ಹ್ಯಾಂಡಿಗೆ 7–8 ಡೆಸಿಬೆಲ್‌ಗೆ ಇಳಿಯಿತು. ಅತಿ ಕಮ್ಮಿ ಬರುವ ಕೋನವೂ 90ರಲ್ಲಿ ಇರಲಿಲ್ಲ, 70ರ ಆಸುಪಾಸಿಗೆ ಸರಿದಿತ್ತು. ಆಂಟೆನಾ ಕೆಟ್ಟಿಲ್ಲ, ಅಲೆ ಬದಲಾಗಿದೆ. ಗೋಡೆ, ಬಂಡೆ, ತಗಡುಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದ ತುಂಡುಗಳು ಸೇರಿ ದಿಕ್ಕು ವಾಲಿರುತ್ತದೆ. ಊರೊಳಗೆ ನಿಂತ ಆಂಟೆನಾಗೂ ಮಲಗಿದ್ದಕ್ಕೂ ವ್ಯತ್ಯಾಸ ಇಲ್ಲ ಅಂತ ಕೆಲವರು ಹೇಳುವುದು ಈ ಅನುಭವದಿಂದಲೇ ಇರಬೇಕು. ಬಯಲಿಗೆ ಹೋದರೆ ಆ ಮಾತು ನಿಲ್ಲುವುದಿಲ್ಲ.

ಒಂದೊಂದೇ ಸಿಗ್ನಲ್ ನೋಡುತ್ತಾ ಹೋದೆ. ಹ್ಯಾಮ್ ಎಫ್‌ಎಂ ಮಾತು ನಿಂತ ಕಡ್ಡಿಗೇ ಚೆನ್ನ. ಕಾರಿನ ಮೇಲಿನ ಆಂಟೆನಾ, ಕೈಲಿ ಹಿಡಿಯುವ ಹ್ಯಾಂಡಿ ಎಲ್ಲ ನಿಂತೇ ಇರುವುದರಿಂದ ಪ್ರಪಂಚದಾದ್ಯಂತ ಅದೇ ರೂಢಿ. ಅದೇ 144ರ ಬ್ಯಾಂಡಿನಲ್ಲಿ ದೂರದ ಕ್ಷೀಣ ಸಿಗ್ನಲ್‌ಗಳನ್ನು ಸೈಡ್‌ಬ್ಯಾಂಡ್ ಎಂಬ ಮಾತಿನ ವಿಧಾನದಲ್ಲಿ, ಮೋರ್ಸ್‌ನಲ್ಲಿ ಹಿಡಿಯುವವರು ಕಡ್ಡಿ ಮಲಗಿಸುತ್ತಾರೆ. 101.3 ಎಫ್‌ಎಂ ಮಾತ್ರ ಹೇಗೆ ಹೊರಳಿಸಿದರೂ ಸ್ವಲ್ಪವೇ ಬದಲಾಯಿತು. ಮನೆಯ ರೇಡಿಯೊ, ಕಾರಿನ ರೇಡಿಯೊ ಎರಡಕ್ಕೂ ತಲುಪಲಿ ಅಂತ ಎಷ್ಟೋ ಎಫ್‌ಎಂ ಸ್ಟೇಶನ್‌ಗಳು ಎರಡೂ ದಿಕ್ಕಿನಲ್ಲಿ ಕಳಿಸುತ್ತವೆ. ಅದರ ಮೇಲೆ ಬೆಟ್ಟಗಳ ಕಲಬೆರಕೆ ಬೇರೆ. ಎಫ್‌ಎಂ ಕೇಳಲು ತಲೆಬಿಸಿ ಬೇಡ, ತಂತಿ ಹೇಗಿದ್ದರೂ ನಡೆಯುತ್ತದೆ.

ಪಕ್ಕದ ಬೀದಿಯಲ್ಲಿ ಹಿಂದೆ ಕೇಬಲ್ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ತಾರಸಿಗೆ ಬಂದು ನೋಡಿ, “ನೋಡಪ್ಪ, ಆಗ ದೂರದರ್ಶನದ ಆಂಟೆನಾ ಕಡ್ಡಿ ನಾವು ಯಾವತ್ತೂ ಮಲಗಿಸೇ ಕಟ್ಟಿದ್ದು. ನಿಲ್ಲಿಸಿದ್ರೆ ಪರದೆ ತುಂಬಾ ಚುಕ್ಕೆ” ಅಂದರು. ಅವರ ಕೈ ಕಲಿತದ್ದನ್ನೇ ನಾನು ಡೆಸಿಬೆಲ್‌ನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅವರ ಅಟ್ಟದಲ್ಲಿದ್ದ ಹಳೆಯ ಯಾಗಿ (ಸಾಲು ಕಡ್ಡಿಗಳ ಟಿವಿ) ಆಂಟೆನಾ ಒಂದನ್ನು ನನಗೆ ಕೊಟ್ಟರು. ಅದರ ಅಲ್ಯೂಮಿನಿಯಂ ಕೊಳವೆಗಳು ಮುಂದೆ ತುಂಬಾ ಕೆಲಸಕ್ಕೆ ಬಂದವು.

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ನಿಂತ ಕಂಬದಿಂದ ಹೊರಡುವ ನಿಂತ ಅಲೆ. ಆದರೂ ಟ್ರಾನ್ಸಿಸ್ಟರ್ ಒಳಗಿನ ಫೆರೈಟ್ ಕಡ್ಡಿ ಮಲಗಿರುತ್ತದೆ, ಅಲ್ವಾ? ಅದು ಹಿಡಿಯುವುದು ಕಾಂತ ಕ್ಷೇತ್ರವನ್ನು. ವಿದ್ಯುತ್ ಕ್ಷೇತ್ರ ನಿಂತಿದ್ದರೆ ಕಾಂತ ಕ್ಷೇತ್ರ ಮಲಗಿರುತ್ತದೆ.

ಡಿಟಿಎಚ್ ತಟ್ಟೆಯೂ ಇದೇ ಆಟ ಆಡುತ್ತದೆ. ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಡಬ್ಬಿಗೆ ಸೆಟ್‌ಟಾಪ್ ಬಾಕ್ಸ್ 13 ವೋಲ್ಟ್ ಕೊಟ್ಟರೆ ನಿಂತ ಸಿಗ್ನಲ್, 18 ವೋಲ್ಟ್ ಕೊಟ್ಟರೆ ಮಲಗಿದ ಸಿಗ್ನಲ್. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಪಟ್ಟು ಚಾನೆಲ್ ತುಂಬುವ ಉಪಾಯ ಇದು. ಎಲ್‌ಎನ್‌ಬಿಯನ್ನು ಯಾಕೆ ಓರೆಯಾಗಿ ಹೊರಳಿಸಿ ಕೂರಿಸುತ್ತಾರೆ ಅಂತ ಲೆಕ್ಕ ಹಾಕಿದೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಭೂಮಧ್ಯರೇಖೆಗೆ ಸಮನಾಗಿ ಆಡುವ ಅಲೆ ಅಲ್ಲಿಂದ ಹೊರಟರೆ, ಚಿಕ್ಕಬಳ್ಳಾಪುರದಲ್ಲಿ ನಿಂತು ನೋಡುವಾಗ ಅದು ಸುಮಾರು 49 ಡಿಗ್ರಿ ವಾಲಿರುತ್ತದೆ. ಬೀದರ್‌ನಲ್ಲಿ 40ರ ಹತ್ತಿರ, ದೆಹಲಿಯಲ್ಲಿ 27. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ ವಾಲು ಜಾಸ್ತಿ. ನಮ್ಮ ಕಡೆ ಎಲ್‌ಎನ್‌ಬಿಯನ್ನು ಅಷ್ಟು ಹೊರಳಿಸದಿದ್ದರೆ ನಿಂತದ್ದೂ ಮಲಗಿದ್ದೂ ಎರಡೂ ಸಮಪಾಲಾಗಿ ಒಳಗೆ ಬಂದು ಒಂದನ್ನೊಂದು ಕೆಡಿಸುತ್ತವೆ.

ಸುತ್ತುವ ಅಲೆ

ಇನ್ನು ಮೀಟಿಯೋರ್. ಡೈಪೋಲ್ ಹೊರಳಿಸಿದರೂ ಉಪಗ್ರಹದ ಸಿಗ್ನಲ್ ಬದಲಾಗಲೇ ಇಲ್ಲ. ಯಾಕೆಂದರೆ ಅದು ಒಂದು ದಿಕ್ಕಿಗೆ ಆಡುವ ಅಲೆಯೇ ಅಲ್ಲ. ಆರತಿ ತಟ್ಟೆಯನ್ನು ಸುತ್ತಿಸುತ್ತಲೇ ಮುಂದೆ ನಡೆದ ಹಾಗೆ, ಅದರ ಕ್ಷೇತ್ರ ಪ್ರತಿ ಆವರ್ತಕ್ಕೆ ಒಂದು ಸುತ್ತು ಸುತ್ತುತ್ತಾ ಮುಂದೆ ಬರುತ್ತದೆ. ಇದು ವೃತ್ತಾಕಾರದ ಪೋಲರೈಸೇಶನ್. ಬಲಗೈ ಹೆಬ್ಬೆರಳನ್ನು ಅಲೆ ಸಾಗುವ ದಿಕ್ಕಿಗೆ ಚಾಚಿದಾಗ ಉಳಿದ ಬೆರಳು ಮಡಚುವ ಕಡೆಗೆ ಸುತ್ತಿದರೆ ಬಲಗೈ ಅಲೆ. ಎಡಗೈಗೆ ಹೊಂದಿದರೆ ಎಡಗೈ ಅಲೆ. ಮೀಟಿಯೋರ್ ಕಳಿಸುವುದು ಬಲಗೈ ಅಲೆ. ದಾರಿ ತೋರಿಸುವ ಜಿಪಿಎಸ್, ಅದೇ ಬಗೆಯ ನಮ್ಮ ನಾವಿಕ್ ಉಪಗ್ರಹಗಳದ್ದೂ ಬಲಗೈಯೇ.

ಸುತ್ತುವ ಅಲೆಗೆ ನೇರ ಕಡ್ಡಿ ಹಿಡಿದರೆ, ಅದು ಹೇಗೆ ವಾಲಿದ್ದರೂ ಅರ್ಧ ಸಿಗುತ್ತದೆ. ನಷ್ಟ 3 ಡೆಸಿಬೆಲ್, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಹಿಂದೆ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಕಾಲದಲ್ಲಿ ಅಷ್ಟು ಹೋದರೂ ನಡೆಯುತ್ತಿತ್ತು. ಅವುಗಳ ಚಿತ್ರ ಅನಲಾಗ್, ಸಿಗ್ನಲ್ ಕಮ್ಮಿಯಾದರೆ ಚುಕ್ಕೆ ನಿಧಾನವಾಗಿ ಹೆಚ್ಚುತ್ತಿತ್ತು. ಉಳಿದಿದ್ದ ನೋವಾ-15, 18, 19 ಮೂರೂ 2025ರಲ್ಲಿ ನಿವೃತ್ತವಾದವು. ಈಗ 2023ರಲ್ಲಿ ಹಾರಿದ ಮೀಟಿಯೋರ್-ಎಂ ಎನ್2-3, 2024ರಲ್ಲಿ ಹಾರಿದ ಎನ್2-4 ಇವೆ. ಇವುಗಳದ್ದು ಡಿಜಿಟಲ್. ಒಂದು ಮಟ್ಟದ ಮೇಲಿದ್ದರೆ ಚಿತ್ರ ಶುಭ್ರ, ಸ್ವಲ್ಪ ಕೆಳಗಿಳಿದರೆ ಪೂರ್ತಿ ಕಪ್ಪು. ಆ ಅಂಚಿನಲ್ಲಿ 3 ಡೆಸಿಬೆಲ್ ಅಂದರೆ ಚಿತ್ರ ಇದೆ, ಇಲ್ಲ ಅನ್ನುವಷ್ಟು ವ್ಯತ್ಯಾಸ. ನನ್ನ ಗ್ರೌಂಡ್ ಪ್ಲೇನ್‌ಗೆ ಈ 3 ಡೆಸಿಬೆಲ್ ಜೊತೆಗೆ ನೆತ್ತಿಯ ಕಡೆ ಕಿವಿಯೇ ಇಲ್ಲ. ನಿಂತ ಕಡ್ಡಿಯ ತುದಿ ನೋಡುತ್ತಿರುವುದು ಅಲ್ಲಿಗೇ ಅಲ್ವಾ. ಕಪ್ಪು ಪಟ್ಟಿಗಳ ಲೆಕ್ಕ ಇಲ್ಲಿಗೆ ಸರಿಹೋಯಿತು.

ಸುಲಭದ ದಾರಿ ವಿ ಡೈಪೋಲ್. ಎರಡು ತೋಳು, ಒಂದೊಂದು 53 ಸೆಂಟಿಮೀಟರ್ ಆಸುಪಾಸು, ನಡುವೆ 120 ಡಿಗ್ರಿ, ನೆಲಕ್ಕೆ ಸಮನಾಗಿ ಮಲಗಿಸಿ ಕಟ್ಟುವುದು. ನೆತ್ತಿಯ ಕಡೆ ಚೆನ್ನಾಗಿ ನೋಡುತ್ತದೆ. ಮಲಗಿರುವುದರಿಂದ ನೆಲದ ಮೇಲಿನ ನಿಂತ ಸಿಗ್ನಲ್‌ಗಳನ್ನು ದೂರ ಇಡುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಆ 3 ಡೆಸಿಬೆಲ್ ನನಗೆ ಬೇಕಿತ್ತು. ಹಾಗಾಗಿ ಟರ್ನ್‌ಸ್ಟೈಲ್ ಕಟ್ಟಿದೆ.

ಟರ್ನ್‌ಸ್ಟೈಲ್ ಅಂದರೆ ಪ್ಲಸ್ ಗುರುತಿನ ಹಾಗೆ ಮಲಗಿದ ಎರಡು ಡೈಪೋಲ್. ಒಂದಕ್ಕೆ ಸಿಗ್ನಲ್ ಕಾಲು ಆವರ್ತ ತಡವಾಗಿ ಹೋಗಬೇಕು. ತಡ ಮಾಡಿಸುವುದು ಒಂದು ತುಂಡು ಕೇಬಲ್. ಹಳೆಯ ಯಾಗಿಯ ಕೊಳವೆಗಳನ್ನು 52 ಸೆಂಟಿಮೀಟರ್‌ಗೆ ಕತ್ತರಿಸಿ, ನಾಲ್ಕು ದಾರಿಯ ಜಂಕ್ಷನ್ ಬಾಕ್ಸಿಗೆ ಕೂರಿಸಿದೆ. ಕೆಳಗೆ 82 ಸೆಂಟಿಮೀಟರ್ ದೂರದಲ್ಲಿ, ಅಂದರೆ ತರಂಗಾಂತರದ ಎಂಟನೇ ಮೂರು ಪಾಲು ಕೆಳಗೆ, 110 ಸೆಂಟಿಮೀಟರ್‌ನ ಎರಡು ಕಡ್ಡಿಗಳ ಇನ್ನೊಂದು ಪ್ಲಸ್. ಅದಕ್ಕೆ ಕೇಬಲ್ ಇಲ್ಲ, ಸುಮ್ನೆ ಕನ್ನಡಿಯ ಕೆಲಸ. ಈ ದೂರವನ್ನು ಕಾಲು ತರಂಗಾಂತರಕ್ಕೆ ಇಳಿಸಿದರೆ ಆಂಟೆನಾ ನೆತ್ತಿಯ ಕಡೆಗೇ ಹೆಚ್ಚು ನೋಡುತ್ತದೆ. ನನಗೆ ಬದಿಗಳೂ ಬೇಕಿದ್ದವು.

ತಡ ಮಾಡುವ ಕೇಬಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಇಡೀ ಆಂಟೆನಾ ನಿಂತಿರುವುದು ಅದರ ಮೇಲೆ. ಡೈಪೋಲಿನ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ವಿದ್ಯುತ್ ತಡೆ) 73 ಓಮ್ ಹತ್ತಿರ, ಆದ್ದರಿಂದ ಈ ತುಂಡು 75 ಓಮ್ ಇರಬೇಕು. ಡಿಟಿಎಚ್‌ನವರು ಎಳೆಯುವ ಆರ್‌ಜಿ-6 ಎಲ್ಲ ಮನೆಯಲ್ಲೂ ಬಿದ್ದಿರುತ್ತದೆ. ಆದರೆ ಅದರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಸೋಲ್ಡರ್ ಹಿಡಿಯುವುದಿಲ್ಲ. ಹಳೆಯ ಸಿಸಿಟಿವಿ ಕೇಬಲ್ ಆರ್‌ಜಿ-59ರಲ್ಲಿ ತಾಮ್ರದ ಜಾಲರಿ ಇರುವುದು ಸಿಕ್ಕರೆ ಅದೇ ಸರಿ. ಕೇಬಲ್ ಒಳಗೆ ಅಲೆ ನಿಧಾನವಾಗಿ ಹೋಗುತ್ತದೆ. ಗಟ್ಟಿ ಪಾಲಿಥೀನ್ ಇರುವ ಕೇಬಲ್ಲಿನಲ್ಲಿ ಗಾಳಿಯಲ್ಲಿ ಹೋಗುವ ವೇಗದ 0.66 ಪಾಲು. 137.5 ಮೆಗಾಹರ್ಟ್ಸ್‌ನ ಕಾಲು ತರಂಗಾಂತರ 54.5 ಸೆಂಟಿಮೀಟರ್, ಅದರ 0.66 ಪಾಲು ಅಂದರೆ 36. ಒಳಗೆ ನೊರೆ ತುಂಬಿದ ಕೇಬಲ್ ಆದರೆ ಉದ್ದ 45ರ ಆಸುಪಾಸು ಬರುತ್ತದೆ. ಯಾವುದು ಅಂತ ಊಹೆ ಮಾಡಬೇಡಿ. ಉದ್ದ ಸ್ವಲ್ಪ ಜಾಸ್ತಿ ಇಟ್ಟು ನ್ಯಾನೊವಿಎನ್‌ಎ ಎಂಬ ಆಂಟೆನಾ, ಕೇಬಲ್ ಅಳೆಯುವ ಸಣ್ಣ ಉಪಕರಣಕ್ಕೆ ಒಂದು ತುದಿ ಜೋಡಿಸಿ, ಇನ್ನೊಂದು ತುದಿ ಖಾಲಿ ಬಿಡಿ. ಕೇಬಲ್ ಸರಿಯಾಗಿ ಕಾಲು ತರಂಗಾಂತರ ಆಗುವ ಫ್ರೀಕ್ವೆನ್ಸಿಯಲ್ಲಿ ಖಾಲಿ ತುದಿ ಇತ್ತ ಕಡೆ ಶಾರ್ಟ್ ಆದಂತೆ ಕಾಣುತ್ತದೆ. ಆ ಬಿಂದು 137.5ಕ್ಕೆ ಬರುವವರೆಗೆ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತಾ ಬನ್ನಿ.

ಈಗ ಬಲಗೈ ಆಗುವ ಹಾಗೆ ಜೋಡಿಸಬೇಕು. ಮೇಲಿನಿಂದ ನೋಡುತ್ತಿದ್ದೇವೆ ಅಂದುಕೊಳ್ಳಿ. ಮುಖ್ಯ ಕೇಬಲ್ಲಿನ ಒಳ ತಂತಿ ಪೂರ್ವದ ತೋಳಿಗೆ, ಜಾಲರಿ ಪಶ್ಚಿಮದ್ದಕ್ಕೆ. ಅಲ್ಲಿಂದಲೇ 36 ಸೆಂಟಿಮೀಟರ್ ತುಂಡು ಹೊರಟು ಅದರ ಒಳ ತಂತಿ ಉತ್ತರದ ತೋಳಿಗೆ, ಜಾಲರಿ ದಕ್ಷಿಣದ್ದಕ್ಕೆ. ಪೂರ್ವ ಮೊದಲು, ಉತ್ತರ ಕಾಲು ಆವರ್ತ ತಡ. ಹೆಬ್ಬೆರಳು ಆಕಾಶಕ್ಕೆ, ಬೆರಳುಗಳು ಪೂರ್ವದಿಂದ ಉತ್ತರಕ್ಕೆ: ಬಲಗೈಗೆ ಹೊಂದುತ್ತದೆ. ಉತ್ತರ ದಕ್ಷಿಣ ಅದಲುಬದಲು ಮಾಡಿದರೆ ಎಡಗೈ ಆಗುತ್ತದೆ. ಬೆಳಕಿನ ಬಗ್ಗೆ ಬರೆದ ಕೆಲವು ಪುಸ್ತಕಗಳಲ್ಲಿ ಎಡ ಬಲದ ಹೆಸರು ಉಲ್ಟಾ ಇರುತ್ತದೆ, ರೇಡಿಯೊದವರ ಪದ್ಧತಿಯನ್ನೇ ಹಿಡಿಯಿರಿ. ಎರಡು ಡೈಪೋಲ್ ಸಮಾನಾಂತರ ಸೇರಿ 37 ಓಮ್ ಆಸುಪಾಸು ಆಗುತ್ತದೆ. 50 ಓಮ್ ಕೇಬಲ್ಲಿಗೆ ನೇರ ಜೋಡಿಸಿದರೂ ಹೊಂದಿಕೆ ಇಲ್ಲದೆ ಹೋಗುವ ಶಕ್ತಿ ಶೇಕಡಾ ಮೂರರೊಳಗೆ. ಬರೀ ಕೇಳುವುದಕ್ಕೆ ಅದು ಲೆಕ್ಕಕ್ಕಿಲ್ಲ.

ಸುತ್ತು ನಿಜವಾಗಿ ದುಂಡಗಿದೆಯೇ ಅಂತ ನೋಡಲು ಮತ್ತೆ ಕೆರೆ ಏರಿಗೆ ಹೋದೆವು. ಆಂಟೆನಾವನ್ನು ಪಕ್ಕಕ್ಕೆ ಮಲಗಿಸಿ ಗೆಳೆಯರ ಕಡೆ ಮುಖ ಮಾಡಿದೆ. ಈ ಸಲ ಹ್ಯಾಂಡಿಯನ್ನು ಅವರು ನಿಧಾನವಾಗಿ ನಿಂತದ್ದರಿಂದ ಮಲಗಿದ್ದಕ್ಕೆ ತಿರುಗಿಸಿದರು. ಸುತ್ತು ದುಂಡಗಿದ್ದರೆ ರೀಡಿಂಗ್ ಅಲುಗಬಾರದು. ಮೊದಲ ಜೋಡಣೆಯಲ್ಲಿ 5 ಡೆಸಿಬೆಲ್ ಆಡಿತು. ತಡದ ಕೇಬಲ್ಲಿನ ಬಿಚ್ಚಿದ ತುದಿಗಳೂ ಉದ್ದದ ಲೆಕ್ಕಕ್ಕೆ ಸೇರುತ್ತವೆ. ಅವನ್ನು ಮೊಟಕು ಮಾಡಿ, ನಾಲ್ಕೂ ತೋಳಿನ ಅಳತೆ ಸಮ ಮಾಡಿದ ಮೇಲೆ 2 ಡೆಸಿಬೆಲ್ ಒಳಗೆ ಬಂತು. 137ಕ್ಕೆ ಕಟ್ಟಿದ್ದನ್ನು ಹ್ಯಾಮ್ ಬ್ಯಾಂಡಿನಲ್ಲಿ ಅಳೆದಿದ್ದರಿಂದ ಇಷ್ಟು ಸಾಕು ಅನ್ನಿಸಿತು.

ಎಡಗೈ ಬಲಗೈ ಪರೀಕ್ಷೆ ಉಪಗ್ರಹದ ಮೇಲೆಯೇ ಆಯಿತು. ಉತ್ತರ ದಕ್ಷಿಣ ತೋಳುಗಳ ಸಂಪರ್ಕಕ್ಕೆ ಸೋಲ್ಡರ್ ಹಾಕದೆ ಸದ್ಯಕ್ಕೆ ಮೊಸಳೆ ಕ್ಲಿಪ್ ಇಟ್ಟಿದ್ದೆ. ಎನ್2-4 ನೆತ್ತಿಯ ಹತ್ತಿರ ಬಂದಿತ್ತು. ಉಪಗ್ರಹದ ಚಿತ್ರ ಬಿಡಿಸುವ ಸ್ಯಾಟ್‌ಡಂಪ್ ತಂತ್ರಾಂಶದಲ್ಲಿ ಸಾಲು ಸಾಲಾಗಿ ಮೋಡ ಇಳಿಯುತ್ತಿತ್ತು. ಅಣ್ಣನ ಮಗಳು ಏಣಿಯ ಮೇಲೆ. “ಚಿಕ್ಕಪ್ಪ, ಈಗ ಬದಲಾಯಿಸ್ಲಾ?” ಅಂದಳು. ಕ್ಲಿಪ್ ಅದಲುಬದಲಾದ ಕೂಡಲೇ ಸಿಗ್ನಲ್ ಗದ್ದಲದೊಳಗೆ ಮುಳುಗಿ, ಸಾಲುಗಳು ನಿಂತವು. ವಾಪಸ್ ಹಾಕಿದಾಗ ಮತ್ತೆ ಇಳಿಯತೊಡಗಿದವು. ಅದೇ ಕಡ್ಡಿ, ಅದೇ ಎತ್ತರ, ಅದೇ ಕೇಬಲ್. ಬದಲಾದದ್ದು ಸುತ್ತುವ ದಿಕ್ಕು ಮಾತ್ರ. ಇದನ್ನು ಕಣ್ಣಾರೆ ನೋಡಿದ ಮೇಲೆ ಅವಳಿಗೆ ಪೋಲರೈಸೇಶನ್ ಅಂದರೆ ಏನು ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಟರ್ನ್‌ಸ್ಟೈಲಿಗೆ ಒಂದು ಮಿತಿ ಇದೆ. ನೆತ್ತಿಯ ಕಡೆ ಅದು ಚೆನ್ನಾಗಿ ಸುತ್ತುತ್ತದೆ, ದಿಗಂತಕ್ಕೆ ಇಳಿದಂತೆ ಬರೀ ಮಲಗಿದ ಆಂಟೆನಾ ಆಗುತ್ತದೆ. ಮಲಗಿದ ಕಡ್ಡಿಗಳನ್ನು ಪಕ್ಕದಿಂದ ನೋಡಿದರೆ ಅಡ್ಡ ಗೆರೆಯೇ ತಾನೇ ಕಾಣುವುದು. ಸುರುಳಿಯಾಕಾರದ ಕ್ವಾಡ್ರಿಫೈಲರ್ ಹೆಲಿಕ್ಸ್ ಕೆಳಗಿನ ಕೋನದಲ್ಲೂ ದುಂಡಗೇ ಉಳಿಯುತ್ತದೆ, ಆದರೆ ತಿರುಚಿ ಕಟ್ಟುವುದು ಕಷ್ಟ. ನನ್ನ ಪಶ್ಚಿಮ ದಿಗಂತವನ್ನು ಸ್ಕಂದಗಿರಿಯೇ ಮುಚ್ಚಿರುವಾಗ ಆ ಶ್ರಮ ಬೇಡ ಅನ್ನಿಸಿತು. ಬೆಟ್ಟಕ್ಕೆ ಬಡಿದು ಬರುವ ಬಲಗೈ ಅಲೆ ಬಹುಮಟ್ಟಿಗೆ ಎಡಗೈ ಆಗಿಬಿಡುತ್ತದೆ. ಅದನ್ನು ಬಲಗೈ ಆಂಟೆನಾ ತಾನಾಗಿಯೇ ಬಿಟ್ಟುಬಿಡುತ್ತದೆ, ಬೆಟ್ಟದೂರಿನವರಿಗೆ ಇದು ನಿಜವಾದ ಲಾಭ.

ಬಾಹ್ಯಾಕಾಶ ನಿಲ್ದಾಣದ್ದು ಇನ್ನೊಂದು ಕತೆ. ಅದರ ಹ್ಯಾಮ್ ಆಂಟೆನಾ ನೇರ ಕಡ್ಡಿಯೇ. ಆದರೆ ಹತ್ತು ನಿಮಿಷದಲ್ಲಿ ಆಕಾಶ ದಾಟುವಾಗ ಅದು ನಮಗೆ ಕಾಣುವ ಕೋನ ಬದಲಾಗುತ್ತಲೇ ಇರುತ್ತದೆ. ಜೊತೆಗೆ ದಾರಿಯಲ್ಲಿ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರ) ಅಲೆಯನ್ನು ಇನ್ನಷ್ಟು ತಿರುಗಿಸುತ್ತದೆ, ಫ್ಯಾರಡೆ ತಿರುವು ಅನ್ನುವುದು ಇದನ್ನೇ. ಅಲೆ ಭೂಮಿಯ ಕಾಂತ ರೇಖೆಗಳ ಜೊತೆಗೇ ಸಾಗಿದರೆ ತಿರುವು ಜಾಸ್ತಿ. ಕಾಂತೀಯ ಭೂಮಧ್ಯರೇಖೆ ನಮ್ಮ ದಕ್ಷಿಣ ಭಾರತದ ಮೇಲೇ ಹಾದುಹೋಗುತ್ತದೆ. ಕೇರಳದ ಥುಂಬಾದಲ್ಲಿ 1963ರಲ್ಲಿ ರಾಕೆಟ್ ಕೇಂದ್ರ ಆರಂಭವಾಗಿದ್ದು ಅದಕ್ಕಾಗಿಯೇ. ನಮ್ಮಲ್ಲಿ ಕಾಂತ ರೇಖೆಗಳು ಉತ್ತರ ದಕ್ಷಿಣವಾಗಿ ಬಹುತೇಕ ಮಲಗಿವೆ. ಹಾಗಾಗಿ ಉತ್ತರಕ್ಕೋ ದಕ್ಷಿಣಕ್ಕೋ ಕೆಳಗಿರುವ ಉಪಗ್ರಹದ ಅಲೆ ತುಂಬಾ ತಿರುಗುತ್ತದೆ, ನೆತ್ತಿಯ ಮೇಲಿನದ್ದು ಕಮ್ಮಿ. ಫ್ರೀಕ್ವೆನ್ಸಿ ಮೂರು ಪಟ್ಟಾದರೆ ತಿರುವು ಒಂಬತ್ತನೇ ಒಂದಕ್ಕೆ ಇಳಿಯುತ್ತದೆ, 435 ಮೆಗಾಹರ್ಟ್ಸ್‌ನಲ್ಲಿ ಈ ತೊಂದರೆ ಅಷ್ಟಿಲ್ಲ. 145ರಲ್ಲಿ ಯಾವ ಕ್ಷಣ ಯಾವ ಕೋನ ಅಂತ ಹೇಳುವುದು ಆಗದ ಮಾತು. ಇಂಥ ಕಡೆ ವೃತ್ತಾಕಾರದ ಆಂಟೆನಾ ಹಾಕಿ, ಯಾವಾಗಲೂ 3 ಡೆಸಿಬೆಲ್ ಕಳೆದುಕೊಳ್ಳಲು ಒಪ್ಪಿಕೊಳ್ಳುವುದೇ ಜಾಣತನ. ಆಗಾಗ 20 ಡೆಸಿಬೆಲ್ ಗುಂಡಿಗೆ ಬೀಳುವುದು ತಪ್ಪುತ್ತದೆ. ಈ ಟರ್ನ್‌ಸ್ಟೈಲ್ 145.8ರಲ್ಲೂ ಆ ಕೆಲಸಕ್ಕೆ ಸಾಕು.

ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲೇ ಇದರ ದೊಡ್ಡ ರೂಪ ಇದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಕಟ್ಟಿದ ರೇಡಿಯೊ ದೂರದರ್ಶಕ 1976ರಿಂದ ಕೆಲಸ ಮಾಡಿದೆ. 34.5 ಮೆಗಾಹರ್ಟ್ಸ್, ಟಿ ಅಕ್ಷರದ ಆಕಾರದಲ್ಲಿ 1000 ಡೈಪೋಲ್‌ಗಳು. ಪೂರ್ವ ಪಶ್ಚಿಮ ತೋಳು 1.4 ಕಿಲೋಮೀಟರ್, ದಕ್ಷಿಣದ ತೋಳು 0.45. ಡೈಪೋಲ್‌ಗಳೆಲ್ಲ ಪೂರ್ವ ಪಶ್ಚಿಮಕ್ಕೇ ಮಲಗಿವೆ. ಆಕಾಶದ ಬಹುಪಾಲು ರೇಡಿಯೊ ಮೂಲಗಳಿಗೆ ಒಂದು ನಿಶ್ಚಿತ ದಿಕ್ಕು ಇರುವುದಿಲ್ಲ, ಹಾಗಾಗಿ ಯಾವ ಕಡೆ ಮಲಗಿಸಿದರೂ ಅರ್ಧ ಸಿಗುತ್ತದೆ. ಸೂರ್ಯನ ಕೆಲವು ರೇಡಿಯೊ ಬಿರುಗಾಳಿಗಳು ಮಾತ್ರ ವೃತ್ತಾಕಾರವಾಗಿ ಸುತ್ತುತ್ತವೆ. ಅದನ್ನು ಅಳೆಯಲು ಅದೇ ಆವರಣದಲ್ಲಿ ಒಂದಕ್ಕೊಂದು ಲಂಬವಾಗಿ ನಿಲ್ಲಿಸಿದ ಆಂಟೆನಾಗಳಿವೆ. ಸುತ್ತುವ ದಿಕ್ಕು, ಅದರ ಪ್ರಮಾಣದಿಂದ ಸೂರ್ಯನ ಕಾಂತ ಕ್ಷೇತ್ರದ ಅಂದಾಜು ಸಿಗುತ್ತದೆ. ನನ್ನ ತಾರಸಿಯ ಪ್ಲಸ್ ಗುರುತಿಗೂ ಅದಕ್ಕೂ ತತ್ವ ಒಂದೇ ಅನ್ನುವುದು ನನಗೆ ಹೆಮ್ಮೆ.

ಕಂಬಕ್ಕೆ ಏರಿಸಿದ್ದು

ಕೊನೆಗೆ ಉಳಿದದ್ದು ಹೀಗೆ. ಜಿಐ ಪೈಪಿನ ಕಂಬದ ನೆತ್ತಿಯಲ್ಲಿ ಗೆಳೆಯರ ಮಾತಿಗೆ ಆ ಹಳೆಯ ಗ್ರೌಂಡ್ ಪ್ಲೇನ್, ನಿಂತ ಹಾಗೇ. ಟರ್ನ್‌ಸ್ಟೈಲ್‌ಗೆ ತಾರಸಿಯ ಇನ್ನೊಂದು ಮೂಲೆಯಲ್ಲಿ ಪಿವಿಸಿ ಕಂಬ. ಅಳೆಯುವ ಡೈಪೋಲ್ ಕೋಣೆಯಲ್ಲಿ, ಹೊಸ ಸಿಗ್ನಲ್ ಸಿಕ್ಕಾಗ ಮೊದಲು ಹೊರಗೆ ಬರುವುದು ಅದೇ. ಒಂದೇ ಆಂಟೆನಾದಲ್ಲಿ ಎಲ್ಲವನ್ನೂ ಮುಗಿಸುವ ಆಸೆ ಬಿಟ್ಟು, ಕೆಳಗೆ ಒಂದು ಕೋಯಾಕ್ಸ್ ಸ್ವಿಚ್ ಹಾಕಿದ್ದೇನೆ.

ಮಳೆಗೆ ಮುಂಚೆ ಜಂಕ್ಷನ್ ಬಾಕ್ಸಿನ ಕೆಳಮೈಗೆ ನೀರು ಬಸಿಯಲು ಸಣ್ಣ ತೂತು ಕೊರೆದೆ. ಕೀಲುಗಳಿಗೆ ತನಗೆ ತಾನೇ ಅಂಟುವ ರಬ್ಬರ್ ಟೇಪ್ ಸುತ್ತಿದೆ. ತಾಮ್ರದ ತಂತಿ ಅಲ್ಯೂಮಿನಿಯಂಗೆ ನೇರ ತಾಗಿದರೆ ಮಳೆಗಾಲದಲ್ಲಿ ಅಲ್ಯೂಮಿನಿಯಂ ಸವೆದು ಸಂಪರ್ಕ ಹೋಗುತ್ತದೆ, ಅದಕ್ಕೆ ನಡುವೆ ಸ್ಟೀಲ್ ವಾಷರ್, ಮೇಲೆ ಗ್ರೀಸ್. ಕಂಬಕ್ಕೆ ಅರ್ಥಿಂಗ್ ಇದೆ, ಆದರೂ ಗುಡುಗು ಕೇಳಿಸಿದರೆ ಕೇಬಲ್ ಕಳಚಿಡುತ್ತೇನೆ. ಕೋತಿಗಳು ಟರ್ನ್‌ಸ್ಟೈಲ್ ತೋಳು ಹಿಡಿದು ಜೋತಾಡುವುದರಿಂದ ಕೊಳವೆಯೊಳಗೆ ಮರದ ಕಡ್ಡಿ ತೂರಿಸಿ ಗಟ್ಟಿ ಮಾಡಿದ್ದೇನೆ.

ಮುಂದಿನ ಕೆಲಸ ದೇವನಹಳ್ಳಿಗೆ ಇಳಿಯುವ ವಿಮಾನಗಳ 1090 ಮೆಗಾಹರ್ಟ್ಸ್ ಸಿಗ್ನಲ್. ಅದು ನಿಂತ ಅಲೆ. ಕಾಲು ತರಂಗಾಂತರದ ಕಡ್ಡಿ 6.9 ಸೆಂಟಿಮೀಟರ್, ಕತ್ತರಿಸಿ ಇಟ್ಟಿದ್ದೇನೆ.